ನೀರೂ ಜಾರಬೇಕು, ಎಣ್ಣೆಯೂ ಜಾರಬೇಕು: ಗಾಜಿಗೆ ಫ್ಲೋರಿನ್ ಇಲ್ಲದ ಲೇಪನ

ಗಾಜಿನ ಮೇಲೆ ಬಿದ್ದ ನೀರು ನಿಲ್ಲಬಾರದು, ಎಣ್ಣೆಯೂ ನಿಲ್ಲಬಾರದು. ಅಂಥ ಲೇಪನವನ್ನು ಕಾಲೇಜಿನ ಲ್ಯಾಬಿನಲ್ಲೇ ಒಂದು ಮಧ್ಯಾಹ್ನದೊಳಗೆ ಮಾಡಿ ಮುಗಿಸಬಹುದು. ಫರ್ನೇಸ್ ಬೇಡ. ಫ್ಲೋರಿನ್ ಇರುವ ದುಬಾರಿ ಕೆಮಿಕಲ್ ಬೇಡ. ಮೂರು ದ್ರವ, ಚೊಕ್ಕ ಗಾಜು, ಗಾಳಿಯ ತೇವದ ಮೇಲೆ ಒಂದು ಕಣ್ಣು, ಇಷ್ಟಿದ್ದರೆ ಸಾಕು. ನಾನು ಮಂಗಳೂರಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಎಂ.ಎಸ್ಸಿ. ಮಕ್ಕಳ ಪ್ರಾಜೆಕ್ಟ್ ಕೂಡ ನೋಡಿಕೊಳ್ಳುತ್ತೇನೆ. ಪ್ರತಿ ವರ್ಷ ಯಾರಾದರೊಬ್ಬರು ಇದೇ ವಿಷಯ ಹಿಡಿದುಕೊಂಡು ಬರುತ್ತಾರೆ. ಹೇಳಿದ್ದನ್ನೇ ಹೇಳುವ ಬದಲು ಬರೆದಿಟ್ಟರೆ ಆಯಿತು ಅಂತ ಕೂತಿದ್ದೇನೆ.

ಒಂದು ಮಾತು ಮೊದಲೇ. ಇದು ಅಡುಗೆಮನೆಯಲ್ಲಿ ಮಾಡುವ ಕೆಲಸ ಅಲ್ಲ. ಗಂಧಕಾಮ್ಲ ಇದೆ, ಬೇಗ ಬೆಂಕಿ ಹಿಡಿಯುವ ದ್ರವ ಇದೆ, ಟಾಲ್ವಿನ್ ಅನ್ನುವ ದ್ರಾವಕ ಇದೆ. ಫ್ಯೂಮ್ ಹುಡ್ (ಕೆಟ್ಟ ಆವಿಯನ್ನು ಹೊರಗೆಳೆಯುವ ಲ್ಯಾಬಿನ ಗೂಡು), ಕನ್ನಡಕ, ಗ್ಲೌಸ್, ಪಕ್ಕದಲ್ಲಿ ಇನ್ನೊಬ್ಬರು, ಇಷ್ಟೂ ಇದ್ದರೆ ಮಾತ್ರ ಶುರು ಮಾಡಿ.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಮಾತ್ರ ಇದೆ. ಅದನ್ನು ಮಾಡಿಯೇ ಲ್ಯಾಬಿಗೆ ಬನ್ನಿ ಅಂತ ಮಕ್ಕಳಿಗೆ ಹೇಳುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆ ಪತ್ರೊಡೆಗೆ ಕೆಸುವಿನ ಎಲೆ ಹೇಗೂ ಮನೆಗೆ ಬರುತ್ತದೆ. ಒಂದು ಎಲೆ ತೆಗೆದಿಡಿ. ನೀರು ಬಿಡಿ, ದುಂಡಗಾಗಿ ಉರುಳಿ ಹೋಗುತ್ತದೆ. ಈಗ ಒಂದು ಹನಿ ತೆಂಗಿನೆಣ್ಣೆ ಬಿಡಿ. ಎಣ್ಣೆ ಹರಡಿಕೊಂಡು, ಎಲೆ ಅಲ್ಲಿ ಕಡು ಹಸಿರಾಗುತ್ತದೆ. ಅದೇ ಜಾಗಕ್ಕೆ ಮತ್ತೆ ನೀರು ಬಿಟ್ಟರೆ ಮೊದಲಿನ ಹಾಗೆ ಉರುಳುವುದಿಲ್ಲ. ತಾವರೆ ಎಲೆಯ ಕತೆಯೂ ಇಷ್ಟೇ. ತಾವರೆ ಎಲೆ ತನ್ನನ್ನು ತಾನೇ ತೊಳೆದುಕೊಳ್ಳುವುದು ಹೇಗೆ ಅಂತ ಜರ್ಮನಿಯ ಬಾರ್ಥ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ಬರೆದರು. ಆಮೇಲೆ ಎಲ್ಲರೂ ಎಲೆಯನ್ನು ನಕಲು ಮಾಡಲು ಹೊರಟರು. ನೀರಿಗೆ ಆ ನಕಲು ಸಾಕು, ಎಣ್ಣೆಗೆ ಸಾಲದು.

ಯಾಕೆ ಸಾಲದು? ಎಲ್ಲ ಮೇಲ್ಮೈ ಎಳೆತದ ಲೆಕ್ಕ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗೆ ಅದು 72.8 ಮಿಲಿನ್ಯೂಟನ್ ಪ್ರತಿ ಮೀಟರ್. ಅಡುಗೆ ಎಣ್ಣೆಗಳಿಗೆ 30ರಿಂದ 35ರ ಆಸುಪಾಸು. ಲ್ಯಾಬಿನಲ್ಲಿ ಎಣ್ಣೆಯ ಬದಲು ಬಳಸುವ ಹೆಕ್ಸಾಡೆಕೇನ್‌ಗೆ 27.5. ಹೆಕ್ಸೇನ್‌ಗೆ 18.4. ಈ ಅಂಕಿ ಇಳಿದಷ್ಟೂ ದ್ರವಕ್ಕೆ ಹರಡುವ ಆಸೆ ಜಾಸ್ತಿ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ಹಾಗಾಗಿ ಸ್ವಲ್ಪ ಮೇಣ ಇದ್ದರೂ ದುಂಡಗಾಗುತ್ತದೆ. ಎಣ್ಣೆಗೆ ಆ ಬಿಗಿ ಇಲ್ಲ.

ಎಣ್ಣೆಯನ್ನೂ ದುಂಡಗೆ ನಿಲ್ಲಿಸಲೇಬೇಕು ಅಂತ ಹಟ ಹಿಡಿದರೆ ಸಾಮಾನ್ಯವಾಗಿ ಎರಡು ವಿಷಯ ಒಟ್ಟಿಗೆ ಬೇಕು. ಮೇಲ್ಮೈಯಲ್ಲಿ ಫ್ಲೋರಿನ್ ಇರಬೇಕು. ಮತ್ತು ಒರಟುತನ ಬೇಕು, ಅದೂ ಎಂಥದ್ದೋ ಒರಟುತನ ಅಲ್ಲ. ತಲೆ ಅಗಲ, ಕಾಲು ಸಣ್ಣ, ಹೀಗೆ ಅಡಿಯಲ್ಲಿ ಒಳಕ್ಕೆ ಕೊರೆದ ಆಕಾರ. ನುಣುಪಾದ ಮೇಲ್ಮೈಯಲ್ಲಿ ಫ್ಲೋರಿನ್ ಎಷ್ಟು ಸುರಿದರೂ ನೀರಿನ ಸಂಪರ್ಕ ಕೋನ, ಅಂದರೆ ಹನಿಯ ಅಂಚು ಮೇಲ್ಮೈ ಜೊತೆ ಮಾಡುವ ಕೋನ, 120 ಡಿಗ್ರಿ ಹತ್ತಿರಕ್ಕೆ ನಿಂತುಬಿಡುತ್ತದೆ. ಹೆಕ್ಸಾಡೆಕೇನ್ 90ನ್ನೂ ಮುಟ್ಟುವುದಿಲ್ಲ. ಒಳಕ್ಕೆ ಕೊರೆದ ಆಕಾರ ಯಾಕೆ ಬೇಕು ಅನ್ನುವುದನ್ನು ಅಮೆರಿಕದ ಎಂಐಟಿಯಲ್ಲಿ ಅನೀಶ್ ತುತೇಜಾ ಮತ್ತು ಜೊತೆಯವರು 2007ರಲ್ಲಿ ತೋರಿಸಿದರು. ಜರ್ಮನಿಯ ಮೈಂಜ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2012ರಲ್ಲಿ ಮೇಣದಬತ್ತಿಯ ಮಸಿಯಿಂದಲೇ ಅದನ್ನು ಮಾಡಿದರು. ಗಾಜನ್ನು ಜ್ವಾಲೆಗೆ ಹಿಡಿದು ಮಸಿ ಕೂರಿಸುವುದು. ಮಸಿಯ ಮೇಲೆ ಸಿಲಿಕಾದ ತೆಳು ಚಿಪ್ಪು ಬೆಳೆಸುವುದು. 600 ಡಿಗ್ರಿಯಲ್ಲಿ ಮಸಿಯನ್ನು ಸುಟ್ಟು ಕಳೆಯುವುದು. ಕೊನೆಗೆ ಫ್ಲೋರಿನ್ ಇರುವ ಸಿಲೇನ್‌ನ (ಗಾಜಿಗೆ ಅಂಟಿಕೊಳ್ಳುವ ಸಿಲಿಕಾನ್ ಸಂಯುಕ್ತ) ಆವಿ ಕೊಡುವುದು. ಚೆಂದದ ಕೆಲಸ, ಎಣ್ಣೆ ನಿಜಕ್ಕೂ ಉರುಳುತ್ತದೆ.

ಆದರೆ ನಾನು ಮಕ್ಕಳ ಕೈಗೆ ಅದನ್ನು ಕೊಡುವುದಿಲ್ಲ. ಬೆರಳಿನಲ್ಲಿ ಉಜ್ಜಿದರೆ ಆ ಸೂಕ್ಷ್ಮ ಚಿಪ್ಪುಗಳು ಪುಡಿಯಾಗುತ್ತವೆ. ಅದಕ್ಕಿಂತ ದೊಡ್ಡ ತಕರಾರು ಫ್ಲೋರಿನ್ ಬಗ್ಗೆ. ಉದ್ದ ಸರಪಳಿಯ ಈ ಫ್ಲೋರಿನ್ ಸಂಯುಕ್ತಗಳು ಮಣ್ಣಿನಲ್ಲಿ, ನೀರಿನಲ್ಲಿ ಕೊಳೆಯುವುದೇ ಇಲ್ಲ ಅನ್ನುವಷ್ಟು ನಿಧಾನ. ಈ ಬಳಗದ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ, ಪಿಎಫ್‌ಎಚ್‌ಎಕ್ಸ್‌ಎಸ್ 2022ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ, ಅಂದರೆ ಕೊಳೆಯದ ವಿಷಗಳಿಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ, ಪಟ್ಟಿಗೆ ಸೇರಿದವು. ದಶಕಗಳ ಕಾಲ ಇಂಥವನ್ನು ತಯಾರಿಸಿದ ತ್ರೀಎಂ ಕಂಪನಿಯೇ 2025ರ ಕೊನೆಗೆ ಇದರಿಂದ ಹೊರಬರುತ್ತೇವೆ ಅಂತ 2022ರಲ್ಲಿ ಹೇಳಿತು. ಹೀಗಿರುವಾಗ ಒಂದು ಪ್ರಾಜೆಕ್ಟಿಗೋಸ್ಕರ ಸುಮ್ನೆ ಒಂದು ಬಾಟಲಿ ತರಿಸಿ, ಉಳಿದದ್ದನ್ನು ಕಪಾಟಿನಲ್ಲಿ ವರ್ಷಗಟ್ಟಲೆ ಇಡುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ದಾರಿ? ದುಂಡಗೆ ನಿಲ್ಲಿಸುವ ಹಟ ಬಿಡಿ. ಹನಿ ಚಪ್ಪಟೆಯಾಗಿಯೇ ಕೂರಲಿ. ಸ್ವಲ್ಪ ಓರೆ ಮಾಡಿದಾಗ ಗುರುತು ಬಿಡದೆ ಜಾರಿಹೋದರೆ ಆಯಿತು, ಅಲ್ವಾ?

ಹನಿ ಯಾಕೆ ಜಾರುವುದಿಲ್ಲ ಅಂತ ಯೋಚಿಸಿ. ಓರೆ ಗಾಜಿನ ಮೇಲಿನ ಹನಿಯನ್ನು ಪಕ್ಕದಿಂದ ನೋಡಿದರೆ ಕೆಳತುದಿ ಉಬ್ಬಿರುತ್ತದೆ, ಮೇಲ್ತುದಿ ಎಳೆದುಕೊಂಡಿರುತ್ತದೆ. ಮುಂದಿನ ಕೋನ ದೊಡ್ಡದು, ಹಿಂದಿನ ಕೋನ ಚಿಕ್ಕದು. ಈ ಎರಡರ ಅಂತರವೇ ಹನಿಯನ್ನು ಹಿಡಿದು ನಿಲ್ಲಿಸುವುದು. ಕೋನ ಎಷ್ಟು ದೊಡ್ಡದು ಅನ್ನುವುದು ಆಮೇಲಿನ ಮಾತು. ಅಂತರ ಸೊನ್ನೆಗೆ ಹತ್ತಿರ ಬಂದರೆ 35 ಡಿಗ್ರಿ ಸಂಪರ್ಕ ಕೋನದಲ್ಲಿ ಚಪ್ಪಟೆಯಾಗಿ ಕೂತ ಹೆಕ್ಸಾಡೆಕೇನ್ ಕೂಡ ಜಾರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲಿಮಿಂಗ್ ವಾಂಗ್ ಮತ್ತು ಥಾಮಸ್ ಮೆಕಾರ್ಥಿ 2016ರಲ್ಲಿ ಇದಕ್ಕೆ ಬಹಳ ಸುಲಭದ ದಾರಿ ಪ್ರಕಟಿಸಿದರು. ನೀರಿನಿಂದ ಹಿಡಿದು ಹೆಕ್ಸೇನ್ ತನಕ ಅವರಿಗೆ ಸಿಕ್ಕ ಅಂತರ ಒಂದು ಡಿಗ್ರಿ ಅಥವಾ ಅದಕ್ಕೂ ಕಮ್ಮಿ.

ಅವರು ಮಾಡಿದ್ದು ಇಷ್ಟು. ಗಾಜಿನ ಮೇಲೆ ಸಿಲಿಕೋನ್‌ನ ಉದ್ದುದ್ದ ಸರಪಳಿಗಳನ್ನು ಒಂದು ತುದಿಯಲ್ಲಿ ಮಾತ್ರ ಗಟ್ಟಿಯಾಗಿ ಕೂರಿಸಿದರು. ಗದ್ದೆಯಲ್ಲಿ ನಾಟಿ ಮಾಡಿದ ನೇಜಿಯ ಹಾಗೆ, ಬುಡ ಕೆಸರಿನಲ್ಲಿ, ತಲೆ ಗಾಳಿಯಲ್ಲಿ. ಸಿಲಿಕೋನ್ ಸರಪಳಿ ಮೈನಸ್ 120 ಡಿಗ್ರಿಯ ಆಸುಪಾಸಿಗೆ ಇಳಿಯುವ ತನಕ ಮರಗಟ್ಟುವುದಿಲ್ಲ. ಅಂದರೆ ನಮ್ಮ ಕೋಣೆಯಲ್ಲಿ ಅದರ ತಲೆ ಯಾವಾಗಲೂ ಅಲ್ಲಾಡುತ್ತಲೇ ಇರುತ್ತದೆ. ಹನಿಗೆ ಕಾಲೂರಲು ಜಾಗ ಸಿಗುವುದಿಲ್ಲ. ಲೇಪನದ ದಪ್ಪ ಕೆಲವೇ ನ್ಯಾನೋಮೀಟರ್, ಹಾಗಾಗಿ ಕಣ್ಣಿಗೆ ಕಾಣುವುದೂ ಇಲ್ಲ.

ಇನ್ನು ಕೆಲಸ. ಅರ್ಧಕ್ಕರ್ಧ ಶ್ರಮ ತೊಳೆಯುವುದರಲ್ಲೇ ಇದೆ. ಸರಪಳಿ ಕೂರುವುದು ಗಾಜಿನ ಮೇಲಿನ ಹೈಡ್ರಾಕ್ಸಿಲ್ ಗುಂಪುಗಳ (ಆಕ್ಸಿಜನ್-ಹೈಡ್ರೋಜನ್ ಜೋಡಿಗಳ) ಮೇಲೆ. ಬೆರಳಿನ ಜಿಡ್ಡು ಇದ್ದಲ್ಲಿ ಅವು ಮುಚ್ಚಿಹೋಗಿರುತ್ತವೆ. ಮೈಕ್ರೋಸ್ಕೋಪ್ ಸ್ಲೈಡನ್ನು ಲ್ಯಾಬಿನ ಸೋಪು ನೀರಿನಲ್ಲಿ ಉಜ್ಜಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಚೆನ್ನಾಗಿ ತೊಳೆಯಿರಿ. ಆಮೇಲೆ ಅಸಿಟೋನ್, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಇಲ್ಲಿಂದ ಮುಂದೆ ಸ್ಲೈಡನ್ನು ಚಿಮಟದಲ್ಲಿ ಅಂಚಿನಲ್ಲಷ್ಟೇ ಹಿಡಿಯಬೇಕು. ಪ್ಲಾಸ್ಮಾ ಕ್ಲೀನರ್ ಇದ್ದರೆ 15 ನಿಮಿಷ ಇಡಿ. ಯುವಿ ಓಜೋನ್ ಪೆಟ್ಟಿಗೆ ಇದ್ದರೆ ಅದೂ ಆಗುತ್ತದೆ, ಆದರೆ 254 ಜೊತೆಗೆ 185 ನ್ಯಾನೋಮೀಟರ್ ಬೆಳಕನ್ನೂ ಕೊಡುವ ದೀಪ ಇರಬೇಕು. ಎರಡೂ ಇಲ್ಲವೇ? 10 ಪರ್ಸೆಂಟ್ ಕಾಸ್ಟಿಕ್ ಸೋಡಾ ದ್ರಾವಣವನ್ನು 60 ಡಿಗ್ರಿಗೆ ಬಿಸಿ ಮಾಡಿ, ಸ್ಲೈಡನ್ನು 10 ನಿಮಿಷ ಮುಳುಗಿಸಿ. ತೆಗೆದು ನೀರಿನಲ್ಲಿ ತೊಳೆದು, ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿ, ಮತ್ತೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯಿರಿ. ಹಳೇ ಲ್ಯಾಬುಗಳಲ್ಲಿ ಇನ್ನೂ ಕ್ರೋಮಿಕ್ ಆಸಿಡ್ ತೊಟ್ಟಿ ಇಟ್ಟುಕೊಂಡಿರುತ್ತಾರೆ. ಅದನ್ನು ಮುಟ್ಟಬೇಡಿ, ಅದರ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಪಿರಾನಾ ದ್ರಾವಣವನ್ನೂ (ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ್ದು) ನಾನು ವಿದ್ಯಾರ್ಥಿಗಳಿಗೆ ಮಾಡಲು ಬಿಡುವುದಿಲ್ಲ.

ಚೊಕ್ಕವಾಯಿತು ಅಂತ ಗೊತ್ತಾಗುವುದು ಹೇಗೆ? ಡಿಸ್ಟಿಲ್ಡ್ ವಾಟರ್ ಹಾಯಿಸಿ ಎತ್ತಿ ಹಿಡಿಯಿರಿ. ನೀರು ಒಂದೇ ಪದರವಾಗಿ, ಎಲ್ಲೂ ಒಡೆಯದೆ ನಿಲ್ಲಬೇಕು. ಎಲ್ಲಾದರೂ ಒಡೆದು ಹನಿಯಾದರೆ ಅಲ್ಲಿ ಜಿಡ್ಡಿದೆ, ಮತ್ತೆ ತೊಳೆಯಿರಿ. ನೀರು ಜಾರಬೇಕಾದ ಗಾಜು ಮೊದಲು ನೀರನ್ನು ತಬ್ಬಿಕೊಳ್ಳಬೇಕು ಅಂದರೆ ಮಕ್ಕಳಿಗೆ ನಗು ಬರುತ್ತದೆ. ಆದರೆ ಈ ಪರೀಕ್ಷೆ ದಾಟದ ಸ್ಲೈಡನ್ನು ನಾನು ಮುಂದಕ್ಕೆ ಬಿಡುವುದಿಲ್ಲ. ನೈಟ್ರೋಜನ್ ಊದಿ ಒಣಗಿಸಿ, ಕೂಡಲೇ ಬಳಸಿ. ಗಂಟೆಗಟ್ಟಲೆ ಹೊರಗಿಟ್ಟರೆ ಗಾಳಿಯಲ್ಲಿರುವ ಜಿಡ್ಡು ಮತ್ತೆ ಕೂರುತ್ತದೆ.

ಇನ್ನು ದ್ರಾವಣ. ತೂಕದಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ 89 ಭಾಗ, ಡೈಮಿಥೈಲ್‌ಡೈಮೆಥಾಕ್ಸಿಸಿಲೇನ್ 10 ಭಾಗ, ಗಾಢ ಗಂಧಕಾಮ್ಲ 1 ಭಾಗ. 50 ಗ್ರಾಂ ಬೇಕಿದ್ದರೆ 44.5 ಗ್ರಾಂ, 5 ಗ್ರಾಂ, 0.5 ಗ್ರಾಂ. ಅಷ್ಟಿದ್ದರೆ ಬಹಳಷ್ಟು ಸ್ಲೈಡ್ ಆಗುತ್ತವೆ. ಸಿಲೇನ್ ಕೊಳ್ಳುವಾಗ ಹೆಸರನ್ನು ಎರಡು ಸಲ ಓದಿ. ಟ್ರೈಮೆಥಾಕ್ಸಿ ಬೇರೆ, ಡೈಕ್ಲೋರೊ ಬೇರೆ. ಜೋಡಿಕೊಳ್ಳಲು ಮೂರು ಕೈ ಇರುವ ಸಿಲೇನ್ ಬಲೆಯ ರೀತಿ ಹೆಣೆದುಕೊಂಡು ಗಟ್ಟಿಯಾಗುತ್ತದೆ. ನಮಗೆ ಎರಡೇ ಕೈ ಇರುವುದು ಬೇಕು, ಆಗ ಮಾತ್ರ ನೇರ ಸರಪಳಿ ಬೆಳೆಯುತ್ತದೆ. ಆಲ್ಕೋಹಾಲ್ ಎಆರ್ ಗ್ರೇಡ್, ಅಂದರೆ ಲ್ಯಾಬಿನ ಶುದ್ಧ ದರ್ಜೆಯದು, ಇರಲಿ. ಮೆಡಿಕಲ್ ಶಾಪಿನ 70 ಪರ್ಸೆಂಟ್ ಸ್ಪಿರಿಟ್ ಹಾಕಿದರೆ ಅದರಲ್ಲಿರುವ ನೀರಿಗೆ ಸಿಲೇನ್ ಬೀಕರಿನಲ್ಲೇ ತನ್ನಷ್ಟಕ್ಕೆ ಜೋಡಿಕೊಂಡು ಮುಗಿಯುತ್ತದೆ, ಗಾಜಿಗೆ ಏನೂ ಉಳಿಯುವುದಿಲ್ಲ.

ಆಲ್ಕೋಹಾಲ್‌ಗೆ ಮೊದಲು ಸಿಲೇನ್, ಕೊನೆಗೆ ಆಸಿಡನ್ನು ಹನಿಹನಿಯಾಗಿ, ಕಲಕುತ್ತಾ. ಆಸಿಡ್‌ಗೆ ಆಲ್ಕೋಹಾಲ್ ಸುರಿಯಬೇಡಿ, ಸಿಡಿಯುತ್ತದೆ. ಸಿಲೇನ್ ಒಡೆಯುವಾಗ ಮೆಥನಾಲ್ ಬರುತ್ತದೆ, ಅದು ವಿಷ. ಹಾಗಾಗಿ ಇದೆಲ್ಲ ಫ್ಯೂಮ್ ಹುಡ್ ಒಳಗೇ. ಸುತ್ತ ಬರ್ನರ್, ಹಾಟ್‌ಪ್ಲೇಟ್ ಯಾವುದೂ ಉರಿಯುತ್ತಿರಬಾರದು. ಬೆರೆಸಿದ್ದನ್ನು ನಾನು ಅರ್ಧ ಗಂಟೆ ಮುಚ್ಚಿಡುತ್ತೇನೆ. ಅದೇ ದಿನ ಬಳಸಿ ಮುಗಿಸುತ್ತೇನೆ. ನಾಳೆಗೆ ಅಂತ ಇಡುವುದಿಲ್ಲ.

ಒಂದು ಬೀಕರನ್ನು ಇದಕ್ಕೇ ಮೀಸಲಿಡಿ, ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಯಾಕೆಂದರೆ ಸ್ಲೈಡ್ ಜೊತೆ ಬೀಕರಿನ ಒಳಮೈಗೂ ಲೇಪನ ಆಗುತ್ತದೆ. ಅಳತೆಯ ಫ್ಲಾಸ್ಕನ್ನೋ ಪಿಪೆಟನ್ನೋ ಇದಕ್ಕೆ ಬಳಸಿ ವಾಪಸ್ ಕಪಾಟಿನಲ್ಲಿಟ್ಟರೆ ಮುಂದಿನವರಿಗೆ ಫಜೀತಿ. ಅದರಲ್ಲಿ ನೀರಿನ ಮೇಲ್ಮೈ ಒಳಬಾಗುವುದಿಲ್ಲ, ರೀಡಿಂಗ್ ತಪ್ಪುತ್ತದೆ.

ಅದ್ದುವುದು ಹತ್ತು ಸೆಕೆಂಡಿನ ಕೆಲಸ. ಸ್ಲೈಡಿನ ಅರ್ಧವನ್ನಷ್ಟೇ ಅದ್ದಿ, ಉಳಿದರ್ಧ ಹೋಲಿಸಿ ನೋಡಲು ಬೇಕು. ನಿಧಾನವಾಗಿ ಒಂದೇ ವೇಗದಲ್ಲಿ ಮೇಲೆತ್ತಿ, ನೇರವಾಗಿ ನಿಲ್ಲಿಸಿ, 20 ನಿಮಿಷ ಒಣಗಲು ಬಿಡಿ. ನಿಜವಾದ ರಸಾಯನ ಕ್ರಿಯೆ ನಡೆಯುವುದು ಈ 20 ನಿಮಿಷದಲ್ಲಿ. ಆಲ್ಕೋಹಾಲ್ ಆರುತ್ತದೆ, ಆಸಿಡ್ ಹಿಂದೆ ಉಳಿದು ಗಾಢವಾಗುತ್ತದೆ, ಗಾಳಿಯ ತೇವದಿಂದ ನೀರು ಬಂದು ಸಿಲೇನನ್ನು ಒಡೆಯುತ್ತದೆ, ಗಾಜಿನಿಂದ ಸರಪಳಿ ಏಳುತ್ತದೆ. ಅದಕ್ಕೇ ಗಾಳಿಯ ತೇವ 60 ಪರ್ಸೆಂಟ್ ಆಸುಪಾಸು ಇರಬೇಕು.

ನಮ್ಮ ರಾಜ್ಯದಲ್ಲಿ ಕೈಕೊಡುವುದು ಇಲ್ಲೇ. ಜುಲೈಯಲ್ಲಿ ಮಂಗಳೂರಿನ ಗಾಳಿಯಲ್ಲಿ ತೇವ 85, 90. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ 30ರ ಕೆಳಗೆ ಇಳಿಯುವುದುಂಟು. ತೇವ ಜಾಸ್ತಿಯಾದರೆ ಸರಪಳಿಗಳು ಗಾಜನ್ನು ಬಿಟ್ಟು ತಮ್ಮತಮ್ಮಲ್ಲೇ ಜೋಡಿಕೊಳ್ಳುತ್ತವೆ, ಸ್ಲೈಡ್ ಮಬ್ಬಾಗುತ್ತದೆ. ಕಮ್ಮಿಯಾದರೆ ಅಲ್ಲಲ್ಲಿ ಬೋಳು ಉಳಿಯುತ್ತದೆ, ಹನಿ ಅಲ್ಲಿಗೆ ಹೋಗಿ ತಡೆಯುತ್ತದೆ. ತೇವ ಹಿಡಿತದಲ್ಲಿಡುವ ದುಬಾರಿ ಪೆಟ್ಟಿಗೆಗೆ ಅರ್ಜಿ ಹಾಕಿ ಕಾಯಬೇಕಿಲ್ಲ. ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತನ್ನಿ. ಒಳಗೆ ಒಂದು ಅಗಲ ಪೆಟ್ರಿ ಡಿಶ್‌ನಲ್ಲಿ ಸೋಡಿಯಂ ಬ್ರೋಮೈಡ್ ಹಾಕಿ, ನೀರು ಬೆರೆಸಿ. ಕರಗದ ಉಪ್ಪು ತಳದಲ್ಲಿ ಕಾಣುತ್ತಲೇ ಇರಬೇಕು. 25 ಡಿಗ್ರಿಯಲ್ಲಿ ಈ ದ್ರಾವಣದ ಮೇಲಿನ ಗಾಳಿ ತಾನಾಗಿಯೇ 58 ಪರ್ಸೆಂಟ್ ತೇವಕ್ಕೆ ಬಂದು ನಿಲ್ಲುತ್ತದೆ. ಹೊರಗೆ ಜಡಿಮಳೆಯಿದ್ದರೂ ಉರಿಬಿಸಿಲಿದ್ದರೂ ಒಳಗೆ ಅದೇ. ಅಡುಗೆ ಉಪ್ಪು ಬಳಸಿದರೆ 75ಕ್ಕೆ ನಿಲ್ಲುತ್ತದೆ, ಅದು ನಮಗೆ ಜಾಸ್ತಿ. ಡಬ್ಬಿಯೊಳಗೆ ಒಂದು ಅಗ್ಗದ ಡಿಜಿಟಲ್ ಹೈಗ್ರೋಮೀಟರ್ ಇಟ್ಟು, ಅಂಕಿ ನಿಂತ ಮೇಲೆಯೇ ಸ್ಲೈಡ್ ಒಳಗಿಡಿ. ಈ ಡಬ್ಬಿಯೂ ಹುಡ್ ಒಳಗೇ ಇರಲಿ.

20 ನಿಮಿಷ ಆದ ಮೇಲೆ ತೆಗೆದು ಡಿಸ್ಟಿಲ್ಡ್ ವಾಟರ್, ಐಸೊಪ್ರೊಪೈಲ್ ಆಲ್ಕೋಹಾಲ್, ಟಾಲ್ವಿನ್, ಈ ಕ್ರಮದಲ್ಲಿ ತೊಳೆಯಿರಿ. ಸ್ಲೈಡ್ ಮೇಲೆ ಆಸಿಡ್ ಉಳಿದಿರುತ್ತದೆ, ಗ್ಲೌಸ್ ಬಿಚ್ಚಬೇಡಿ. ಟಾಲ್ವಿನ್ ಬೇಕಾಗುವುದು ಗಾಜಿಗೆ ಕೂರದೆ ಸುಮ್ನೆ ಮೇಲೆ ಬಿದ್ದಿರುವ ಸಿಲಿಕೋನನ್ನು ತೆಗೆಯಲು. ಇದನ್ನು ಬಿಟ್ಟರೆ ಮೊದಲ ದಿನ ಎಲ್ಲವೂ ಭರ್ಜರಿಯಾಗಿ ಜಾರುತ್ತದೆ. ಜಾರಿಸುತ್ತಿರುವುದು ಆ ಸಡಿಲ ಎಣ್ಣೆ. ಒಂದು ಸಲ ಒರೆಸಿದ ಮೇಲೆ ಬಣ್ಣ ಬಯಲಾಗುತ್ತದೆ.

ಈಗ ಪರೀಕ್ಷೆ. ಇಲ್ಲಿ ಪ್ರತಿ ವರ್ಷ ಒಂದೇ ಸಂಭಾಷಣೆ.

“ಮೇಡಂ, ಎಣ್ಣೆ ದುಂಡಗೆ ನಿಲ್ತಾ ಇಲ್ಲ. ಫೇಲ್ ಆಯ್ತು.”

“ಓರೆ ಮಾಡಿ ನೋಡು ಮಾರಾಯ.”

ಮೈಕ್ರೋಪಿಪೆಟ್‌ನಲ್ಲಿ 20 ಮೈಕ್ರೋಲೀಟರ್ ನೀರು ಬಿಡಿ. ಸ್ಲೈಡನ್ನು ಒಂದು ರಟ್ಟಿನ ಮೇಲಿಟ್ಟು, ಪಕ್ಕದಲ್ಲಿ ಫೋನ್ ಇಟ್ಟು, ಕೋನ ತೋರಿಸುವ ಆ್ಯಪ್ ತೆರೆದು, ರಟ್ಟಿನ ಒಂದು ಬದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಒಳ್ಳೆಯ ಲೇಪನದಲ್ಲಿ ಹತ್ತು ಡಿಗ್ರಿ ಆಗುವುದರೊಳಗೆ ನೀರು ಹೊರಟುಬಿಡುತ್ತದೆ. ಅದ್ದದ ಅರ್ಧಕ್ಕೆ ತಲುಪಿದಾಗ ಗಕ್ಕನೆ ನಿಂತು ಹರಡುತ್ತದೆ. ಗೆರೆ ಎಳೆದಷ್ಟು ಸ್ಪಷ್ಟ.

ಎಣ್ಣೆಗೆ ತಾಳ್ಮೆ ಬೇಕು. ಕಡಲೆಕಾಯಿ ಎಣ್ಣೆ ನೀರಿಗಿಂತ ಹತ್ತಾರು ಪಟ್ಟು ಮಂದ. ಹಾಗಾಗಿ ಅದು ಓಡುವುದಿಲ್ಲ, ತೆವಳುತ್ತದೆ. ವೇಗ ನೋಡಿ ಅಂಕ ಕೊಡಬೇಡಿ, ಹನಿಯ ಹಿಂದೆ ಏನು ಉಳಿಯಿತು ಅಂತ ನೋಡಿ. ಜಿಡ್ಡಿನ ಬಾಲ ಇಲ್ಲದೆ, ಹನಿ ಇಡಿಯಾಗಿ ಇಳಿದಿದ್ದರೆ ಪಾಸ್. ನಮ್ಮ ಕಡೆಯವರು ತೆಂಗಿನೆಣ್ಣೆಯನ್ನೇ ಹಿಡಿದುಕೊಂಡು ಬರುತ್ತಾರೆ. ಅದು ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ಎಸಿ ಇರುವ ಉಪಕರಣದ ಕೋಣೆಯಲ್ಲಿ ಸ್ಲೈಡಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿ ಕೂತರೆ ಲೇಪನದ ತಪ್ಪಲ್ಲ. ರಿಪೋರ್ಟಿಗೆ ಅಂಕಿ ಬೇಕು ಅಂದರೆ ಹೆಕ್ಸಾಡೆಕೇನ್ ಬಳಸಿ, ಅದರ ಗುಣಗಳು ಎಲ್ಲೆಡೆ ಒಂದೇ. ಅಡುಗೆ ಎಣ್ಣೆ ಬ್ರ್ಯಾಂಡಿಗೊಂದು ತರ.

ಸಂಪರ್ಕ ಕೋನ ಅಳೆಯುವ ಯಂತ್ರ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಫೋನಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ, ಕ್ಯಾಮೆರಾವನ್ನು ಸ್ಲೈಡಿನ ಮಟ್ಟಕ್ಕೇ ಇಳಿಸಿ, ಹಿಂದೆ ಬಿಳಿ ಹಾಳೆ ಇಟ್ಟು ಆ ಕಡೆಯಿಂದ ಬೆಳಕು ಕೊಡಿ. ಹನಿ ಕಪ್ಪಗೆ, ಅಂಚು ಚೂಪಾಗಿ ಬರುತ್ತದೆ. ಇಮೇಜ್‌ಜೆ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಕೋನ ಅಳೆಯಿರಿ. ನೀರಿಗೆ 105ರ ಆಸುಪಾಸು ಬಂದರೆ ಸರಿಯಾಗಿದೆ. ಹನಿಯೊಳಕ್ಕೆ ಸೂಜಿಯಲ್ಲಿ ನಿಧಾನವಾಗಿ ನೀರು ತುಂಬಿಸುವಾಗ ಸಿಗುವುದು ಮುಂದಿನ ಕೋನ, ಹೀರುವಾಗ ಸಿಗುವುದು ಹಿಂದಿನ ಕೋನ. ಫೋನ್ ಚಿತ್ರದಲ್ಲಿ ಒಂದು ಡಿಗ್ರಿಯ ವ್ಯತ್ಯಾಸ ಹಿಡಿಯಲು ಆಗುವುದಿಲ್ಲ. ಹಾಗಾಗಿ “ಒಂದು ಡಿಗ್ರಿ” ಅಂತ ರಿಪೋರ್ಟಿನಲ್ಲಿ ಬರೆದರೆ ನಾನು ಕೆಂಪು ಗೆರೆ ಹಾಕುತ್ತೇನೆ. ಜಾರಲು ಶುರುವಾದ ಓರೆ ಎಷ್ಟು ಅಂತ ಬರೆಯಿರಿ, ಹನಿಯ ಗಾತ್ರವನ್ನೂ ಜೊತೆಗೆ ಬರೆಯಿರಿ. ಗಾತ್ರ ಹೇಳದ ಓರೆ ಕೋನಕ್ಕೆ ಅರ್ಥವಿಲ್ಲ, ದೊಡ್ಡ ಹನಿ ಬೇಗ ಜಾರುತ್ತದೆ. ಪರ್ಮನೆಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದೂ ನೋಡಿ. ಇಂಕು ಮುದುಡಿ ಚುಕ್ಕಿಗಳಾಗುತ್ತದೆ, ಒಣ ಟಿಶ್ಯೂನಲ್ಲಿ ಒರೆಸಿದರೆ ಬರುತ್ತದೆ.

ಹನಿ ಪ್ರತಿ ಸಲವೂ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡರೆ ಅಲ್ಲಿ ಧೂಳೋ ಗೀರೋ ಇದೆ. ಇಡೀ ಸ್ಲೈಡಿನಲ್ಲಿ ತಡೆಯುತ್ತಿದ್ದರೆ ತೊಳೆದದ್ದು ಸಾಲದು, ಇಲ್ಲವೇ ತೇವ ಸರಿಯಿಲ್ಲ. ಮಬ್ಬು ಕಂಡರೆ ಟಾಲ್ವಿನ್‌ನಲ್ಲಿ ಇನ್ನೊಮ್ಮೆ ತೊಳೆಯಿರಿ. ಹೋಗದಿದ್ದರೆ ಆ ಸ್ಲೈಡ್ ಬಿಡಿ.

ಇದು ಎಲ್ಲಿ ಹಿಡಿಯುತ್ತದೆ? ಗಾಜು, ಸಿಲಿಕಾನ್ ವೇಫರ್, ಗ್ಲೇಸ್ ಇರುವ ಟೈಲ್ಸ್ ಚೂರು, ಪ್ಲಾಸ್ಮಾ ಕೊಟ್ಟ ಅಲ್ಯೂಮಿನಿಯಂ. ಪ್ಲಾಸ್ಟಿಕ್‌ಗೆ ನೇರವಾಗಿ ಹಿಡಿಯುವುದಿಲ್ಲ, ಅದರಲ್ಲಿ ಸರಪಳಿ ಕೂರಲು ಹೈಡ್ರಾಕ್ಸಿಲ್ ಇಲ್ಲ. ಬಟ್ಟೆಗೆ ಬೇಡ, ಆಸಿಡ್ ಹತ್ತಿಯನ್ನು ತಿನ್ನುತ್ತದೆ. ತಟ್ಟೆ ಲೋಟಕ್ಕಂತೂ ಬೇಡವೇ ಬೇಡ.

ಬಾಳಿಕೆಯ ಬಗ್ಗೆ ದೊಡ್ಡ ಮಾತು ಹೇಳಲಾರೆ. ಅಸಿಟೋನ್, ಹೆಕ್ಸೇನ್, ಟಾಲ್ವಿನ್ ಇವುಗಳಿಗೆ ಇದು ಜಗ್ಗುವುದಿಲ್ಲ. ಮೆತ್ತನೆ ಟಿಶ್ಯೂನಲ್ಲಿ ಒರೆಸಬಹುದು. ಆದರೆ ಸ್ಕ್ರಬ್ಬರ್ ತಡೆಯಲಾರದು, ಕ್ಷಾರವನ್ನಂತೂ ತಡೆಯಲಾರದು. ಬಟ್ಟೆ ತೊಳೆಯುವ ಪುಡಿಯ ನೀರಿನಲ್ಲಿ ನೆನೆಸಿಟ್ಟರೆ ಸಿಲಿಕೋನ್ ಬುಡವೇ ಬಿಡಲು ಶುರುವಾಗುತ್ತದೆ. ಕಾರಿನ ಗಾಜಿಗೆ ಹಾಕಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ, ವೈಪರ್ ಇರುವ ತನಕ ಬೇಡ. ಚಿಕ್ಕ ಸೆನ್ಸರ್ ಕಿಟಕಿ, ಹನಿ ಸಾಗಿಸುವ ಚಿಪ್, ಜಿಡ್ಡಿನ ಮಾದರಿ ಇಟ್ಟು ನೋಡುವ ಸ್ಲೈಡ್, ಇಂಥವಕ್ಕೆ ಚೆನ್ನ.

ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ಆಸಿಡ್ ಇರುವ ಸಾವಯವ ತ್ಯಾಜ್ಯ ಅಂತ ಚೀಟಿ ಅಂಟಿಸಿದ ಬೇರೆ ಬಾಟಲಿಗೆ ಹಾಕಿ. ನೈಟ್ರಿಕ್ ಆಸಿಡ್, ಹೈಡ್ರೋಜನ್ ಪೆರಾಕ್ಸೈಡ್ ಇರುವ ಬಾಟಲಿಗೆ ಇದನ್ನು ಯಾವತ್ತೂ ಸೇರಿಸಬಾರದು. ಮುಚ್ಚಳವನ್ನು ಮೊದಲ ದಿನ ಬಿಗಿ ಮಾಡಬೇಡಿ. ಟಾಲ್ವಿನ್‌ಗೆ ಇನ್ನೊಂದು ಬಾಟಲಿ. ಕೆಟ್ಟ ಸ್ಲೈಡುಗಳನ್ನು ಎಸೆಯಬೇಕಿಲ್ಲ. ಮೊದಲಿನ ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲೇ ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ತೊಳೆದು, ನೀರು ಮತ್ತೆ ಒಡೆಯದೆ ಪದರವಾಗಿ ನಿಲ್ಲುತ್ತದಾ ಅಂತ ನೋಡಿ. ನಿಂತರೆ ಅದೇ ಸ್ಲೈಡನ್ನು ಮುಂದಿನ ಸಲಕ್ಕೆ ಬಳಸಬಹುದು.